ಪೊರೆ ಕಾದೀತು, ರಕ್ತ ಕಾಯದು

ಹಾವೇರಿ ಜಿಲ್ಲೆಯ ಕರ್ಜಗಿಯ ಕಾರಹುಣ್ಣಿಮೆಗೆ ಸುತ್ತಲಿನ ಊರುಗಳಿಂದ ಜನ ಕಿಕ್ಕಿರಿದು ಸೇರುತ್ತಾರೆ. ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಗೊಂಡೆ ಕಟ್ಟಿದ ಎತ್ತುಗಳು ದೂಳೆಬ್ಬಿಸಿಕೊಂಡು ಬರುವಾಗ ಕಟ್ಟೆಯ ಮೇಲೆ ಕುಳಿತ ಎಪ್ಪತ್ತು ದಾಟಿದ ಹಿರಿಯರೊಬ್ಬರನ್ನು ಕಲ್ಪಿಸಿಕೊಳ್ಳಿ. ಅವರಿಗೆ ಗುಂಪು ಕಾಣುತ್ತದೆ, ದೂಳು ಕಾಣುತ್ತದೆ, ಎಡಬಲಕ್ಕೆ ನಿಂತವರೂ ಕಾಣುತ್ತಾರೆ. ನೇರವಾಗಿ ದಿಟ್ಟಿಸಿದ ಎತ್ತು ಮಾತ್ರ ಕಾಣುವುದಿಲ್ಲ. ಕಣ್ಣು ಹೊರಳಿಸಿದ ಕಡೆಗೆಲ್ಲ ನಟ್ಟನಡುವಿನ ಕರಿಮಚ್ಚೆಯೂ ಹೊರಳುತ್ತದೆ. "ಬದೀಗೆಲ್ಲ ಕಾಣ್ತೈತಿ, ನಡಕ್ಕ ಏನೂ ಕಾಣವಲ್ದು" ಎಂದು ಮನೆಯಲ್ಲಿ ಹೇಳಿದರೆ ಮಗನ ಉತ್ತರ ಸಿದ್ಧವಾಗಿರುತ್ತದೆ: "ಪೊರಿ ಬಂದಿರಬೇಕಪ್ಪಾ. ಬಿತ್ತಿಗಿ ಮುಗೀಲಿ, ಕ್ಯಾಂಪಿನ್ಯಾಗ ತೋರಸೂಣು."

ಪೊರೆಯಾಗಿದ್ದರೆ ಆ ಉತ್ತರದಲ್ಲಿ ದೊಡ್ಡ ತಪ್ಪೇನಿಲ್ಲ. ಪೊರೆ ತಿಂಗಳು, ವರ್ಷಗಳ ಲೆಕ್ಕದಲ್ಲಿ ಬೆಳೆಯುತ್ತದೆ. ಬಿತ್ತನೆ ಮುಗಿಸಿ, ಹಬ್ಬ ಮುಗಿಸಿ, ಆಮೇಲೆ ತೆಗೆಸಿದರೂ ದೃಷ್ಟಿ ಮರಳುತ್ತದೆ. ಆದರೆ ನಿನ್ನೆಯವರೆಗೆ ಚೆನ್ನಾಗಿದ್ದ ಕಣ್ಣಿನ ನಡುಭಾಗ ಇಂದು ಬೆಳಗ್ಗೆ ಏಕಾಏಕಿ ಕಪ್ಪಾಗಿದ್ದರೆ ಅದು ಪೊರೆಯಲ್ಲ. ಹೆಚ್ಚಿನ ಸಂದರ್ಭಗಳಲ್ಲಿ ಅದು ಕಣ್ಣಿನ ಹಿಂಬದಿಯ ರೆಟಿನಾಕ್ಕೆ ಸಂಬಂಧಿಸಿದ್ದು. ಹಿರಿಯರಲ್ಲಿ ಅದರ ಒಂದು ಮುಖ್ಯ ಕಾರಣ, ರೆಟಿನಾದ ಕೆಳಗೆ ರಕ್ತ ಸೋರಿರುವುದು. ಇದಕ್ಕೆ ಚಿಕಿತ್ಸೆ ಇದೆ, ಹುಬ್ಬಳ್ಳಿಯಷ್ಟು ಹತ್ತಿರದಲ್ಲೇ ಇದೆ. ಇರದಿರುವುದು ಸಮಯ ಮಾತ್ರ.

ನಮ್ಮ ಭಾಗದಲ್ಲಿ ಮುದುಕರ ಕಣ್ಣು ಮಂಜಾದರೆ ಪೊರೆ ಎಂದೇ ತಿಳಿಯುವುದಕ್ಕೆ ಕಾರಣಗಳಿವೆ. 2015–19ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಐವತ್ತು ದಾಟಿದವರ ಅಂಧತ್ವದಲ್ಲಿ ಶೇ 66.2ರಷ್ಟಕ್ಕೆ ಪೊರೆಯೇ ಕಾರಣ. ಉತ್ತರ ಕರ್ನಾಟಕದ ಹಳ್ಳಿಗಳಿಗೆ ಕಣ್ಣಿನ ಶಸ್ತ್ರಚಿಕಿತ್ಸೆ ಎಂಬುದು ಪರಿಚಯವಾದದ್ದೂ ಪೊರೆಯ ಶಿಬಿರಗಳ ಮೂಲಕವೇ. ಬೀಳಗಿಯ ಡಾ. ಎಂ.ಸಿ. ಮೋದಿ ಊರೂರು ತಿರುಗಿ, ಶಾಲೆಗಳಲ್ಲೂ ಚಪ್ಪರಗಳಲ್ಲೂ ಸಾಲುಸಾಲಾಗಿ ಪೊರೆ ತೆಗೆದು ಲಕ್ಷಾಂತರ ಜನರಿಗೆ ಬೆಳಕು ಕೊಟ್ಟರು. ಆ ಮಹಾನುಭಾವ ತೀರಿಕೊಂಡದ್ದು 2005ರಲ್ಲಿ, ಆದರೆ ಕಣ್ಣು ಹೋದರೆ ಶಿಬಿರಕ್ಕೆ ಕಾಯಬೇಕು ಎಂಬ ಅಭ್ಯಾಸ ಜನರಲ್ಲಿ ಇಂದಿಗೂ ಉಳಿದಿದೆ. ಈಗ ಮನೆಬಾಗಿಲಿಗೆ ಬಂದು ಕಣ್ಣು ಪರೀಕ್ಷಿಸುವ ಆಶಾಕಿರಣ ಯೋಜನೆ ಹಾವೇರಿ ಜಿಲ್ಲೆಗೂ ಬಂದಿದೆ. ಅದರಿಂದ ಕನ್ನಡಕ ಬೇಕಾದವರು, ಪೊರೆ ಬಂದವರು ಸಿಗುತ್ತಾರೆ, ಒಳ್ಳೆಯದೇ. ರೆಟಿನಾದ ರಕ್ತಸ್ರಾವಕ್ಕೆ ಮಾತ್ರ ಯಾವ ಶಿಬಿರದ ದಿನಾಂಕವನ್ನೂ ಕಾಯುವಂತಿಲ್ಲ.

ಒಳಗೆ ಆಗುವುದೇನು? ಕಣ್ಣಿನ ಹಿಂಗೋಡೆಗೆ ಅಂಟಿಕೊಂಡ ತೆಳುವಾದ ನರಪದರವೇ ರೆಟಿನಾ. ಅದರ ನಟ್ಟನಡುವೆ ಸುಮಾರು ಐದೂವರೆ ಮಿಲಿಮೀಟರ್ ಅಗಲದ ಜಾಗಕ್ಕೆ ಮ್ಯಾಕುಲಾ ಎಂದು ಹೆಸರು. ಸೂಜಿಗೆ ದಾರ ಪೋಣಿಸುವುದು, ಮೊಮ್ಮಗಳ ಮುಖ ಗುರುತಿಸುವುದು, ಬಸ್ಸಿನ ಬೋರ್ಡು ಓದುವುದು ಎಲ್ಲ ಅಷ್ಟೇ ಜಾಗದ ಕೆಲಸ. ರೆಟಿನಾದ ಹಿಂದೆ ಅದಕ್ಕೆ ಅನ್ನ ಹಾಕಿ ಕಸ ಗುಡಿಸುವ ವರ್ಣಕೋಶಗಳ ಒಂದು ಸಾಲು, ಅದರ ಹಿಂದೆ ಒಂದು ತೆಳು ಪದರ, ಅದಕ್ಕೂ ಹಿಂದೆ ರಕ್ತನಾಳಗಳ ದಟ್ಟ ಹೆಣಿಗೆ. ವಯಸ್ಸಾದಂತೆ ಕೆಲವರಲ್ಲಿ ಈ ಪದರಗಳ ನಡುವೆ ಕಸ ನಿಂತು ಹಳದಿ ಚುಕ್ಕೆಗಳಾಗುತ್ತವೆ. ಇದು ವಯೋಸಹಜ ಮ್ಯಾಕುಲಾ ಸವಕಳಿ, ವೈದ್ಯರ ಬಾಯಲ್ಲಿ ಎಎಂಡಿ. ಹೆಚ್ಚಿನವರಲ್ಲಿ ಇದು ಒಣ ಬಗೆಯದಾಗಿ ನಿಧಾನವಾಗಿ ಸಾಗುತ್ತದೆ. ಕೆಲವರಲ್ಲಿ ಹಿಂದಿನ ಹೆಣಿಗೆಯಿಂದ ಹೊಸ ರಕ್ತನಾಳಗಳು ಚಿಗುರಿ, ನಡುವಿನ ತೆಳು ಪದರವನ್ನು ಸೀಳಿಕೊಂಡು ಒಳಗೆ ನುಗ್ಗುತ್ತವೆ. ಇದು ಒದ್ದೆ ಬಗೆ. ಈ ಹೊಸ ನಾಳಗಳ ಗೋಡೆ ಬಲು ದುರ್ಬಲ. ಮೊದಲು ನೀರು ಸೋರುತ್ತದೆ, ಆಮೇಲೆ ಒಂದು ದಿನ ನಾಳವೇ ಒಡೆದು ರಕ್ತ ಹರಿಯುತ್ತದೆ. ಹಳೆಯ ಮನೆಯ ಗೋಡೆಯೊಳಗೆ ನೀರಿಳಿದು ಗಿಲಾವು ಉಬ್ಬಿ ಕಲ್ಲಿನಿಂದ ಬಿಟ್ಟುಕೊಳ್ಳುವಂತೆ, ರೆಟಿನಾ ತನ್ನ ಪೋಷಕ ಪದರದಿಂದ ಬೇರ್ಪಡುತ್ತದೆ.

ಈ ರಕ್ತ ಅಲ್ಲೇ ಸುಮ್ಮನೆ ಕೂರುವುದಿಲ್ಲ. ಅದರ ದಪ್ಪ ಗೋಡೆಯನ್ನು ದಾಟಿ ಆಮ್ಲಜನಕ, ಪೋಷಕಾಂಶ ರೆಟಿನಾಕ್ಕೆ ತಲುಪುವುದಿಲ್ಲ. ಹೆಪ್ಪುಗಟ್ಟುವಾಗ ಅದರೊಳಗಿನ ಫೈಬ್ರಿನ್ ಎಳೆಗಳು ಬಿಗಿದುಕೊಂಡು, ತಮಗೆ ಅಂಟಿದ ಬೆಳಕುಗ್ರಾಹಿ ಕೋಶಗಳ ತುದಿಗಳನ್ನೇ ಕಿತ್ತುಹಾಕುತ್ತವೆ. ದಿನ ಕಳೆದಂತೆ ರಕ್ತಕಣಗಳು ಒಡೆದು ಹೊರಬೀಳುವ ಕಬ್ಬಿಣ ಆ ಕೋಶಗಳಿಗೆ ವಿಷ. ಕಣ್ಣಿನೊಳಗಿನ ಶಸ್ತ್ರಚಿಕಿತ್ಸೆಗೆ ದಾರಿ ತೆರೆದ ರಾಬರ್ಟ್ ಮಾಕೆಮರ್ ಮತ್ತು ಅವರ ಸಹೋದ್ಯೋಗಿ 1982ರಲ್ಲಿ ಮೊಲಗಳ ರೆಟಿನಾದ ಕೆಳಗೆ ರಕ್ತ ಸೇರಿಸಿ ನೋಡಿದಾಗ, ಒಂದೇ ದಿನದಲ್ಲಿ ಹಾನಿ ಶುರುವಾಗಿತ್ತು. ವಾರ ತುಂಬುವಷ್ಟರಲ್ಲಿ ಅದು ತೀವ್ರವಾಗಿತ್ತು. ಮನುಷ್ಯರ ಕಣ್ಣು ಮೊಲದ ಕಣ್ಣಲ್ಲ, ಸ್ವಲ್ಪ ಹೆಚ್ಚು ತಾಳುತ್ತದೆ. ಆದರೂ ರಕ್ತವನ್ನು ಮ್ಯಾಕುಲಾದ ಅಡಿಯಿಂದ ಸರಿಸುವುದಿದ್ದರೆ ಮೊದಲ ವಾರದಲ್ಲೇ ಸರಿಸಬೇಕು, ಹೆಚ್ಚೆಂದರೆ ಎರಡು ವಾರ ಎಂಬುದು ರೆಟಿನಾ ತಜ್ಞರ ಸಾಮಾನ್ಯ ಅಭಿಪ್ರಾಯ. "ಬಿತ್ತಿಗಿ ಮುಗೀಲಿ" ಎಂಬ ಮಾತಿಗೆ ಎಷ್ಟು ಬೆಲೆ ತೆರಬೇಕಾಗುತ್ತದೆ ಎಂಬುದು ಇಲ್ಲಿ ತಿಳಿಯುತ್ತದೆ.

ಏಷ್ಯಾದವರ ಕಣ್ಣಿಗೆ ಇನ್ನೂ ಒಂದು ಅಪಾಯವಿದೆ. ಮ್ಯಾಕುಲಾದ ಹಿಂದಿನ ನಾಳಗಳ ತುದಿಯಲ್ಲಿ ಸಣ್ಣ ಸಣ್ಣ ಗುಳ್ಳೆಗಳು ಉಬ್ಬಿಕೊಳ್ಳುವ ಪಾಲಿಪಾಯ್ಡಲ್ ಎಂಬ ಬಗೆ ಪಾಶ್ಚಾತ್ಯರಿಗಿಂತ ನಮ್ಮಲ್ಲಿ ಹೆಚ್ಚು. ಈ ಗುಳ್ಳೆ ಒಡೆದರೆ ರಕ್ತ ಸಣ್ಣ ಮಚ್ಚೆಯಾಗಿ ನಿಲ್ಲದೆ ಮ್ಯಾಕುಲಾ ತುಂಬ ಹರಡುತ್ತದೆ. ರೋಗಿ ಒಂದೇ ರಾತ್ರಿಯಲ್ಲಿ ಓದುವ ದೃಷ್ಟಿ ಕಳೆದುಕೊಳ್ಳುವುದು ಹೆಚ್ಚಾಗಿ ಹೀಗೆಯೇ. ಆದ್ದರಿಂದ ವೈದ್ಯರು ರೆಟಿನಾದ ಪದರಗಳನ್ನು ತೋರಿಸುವ ಓಸಿಟಿ ಸ್ಕ್ಯಾನ್ ಜೊತೆಗೆ ಕೈಯ ರಕ್ತನಾಳಕ್ಕೆ ಹಸಿರು ಬಣ್ಣದ ಐಸಿಜಿ ದ್ರವ ಕೊಟ್ಟು ಕಣ್ಣಿನ ಫೋಟೋ ತೆಗೆಯಬೇಕು ಎಂದರೆ, ಖರ್ಚು ಹೆಚ್ಚಿಸುವ ನೆಪ ಎಂದುಕೊಳ್ಳಬೇಡಿ. ಆ ಗುಳ್ಳೆಗಳು ಬೇರೆ ಪರೀಕ್ಷೆಗಳಲ್ಲಿ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ.

ಇನ್ನು ಚಿಕಿತ್ಸೆಯ ಮಾತು. ಇಪ್ಪತ್ತೈದು ವರ್ಷದ ಹಿಂದೆ ಇಂಥ ರೋಗಿಗೆ ವೈದ್ಯರು ಹೇಳಬಹುದಾಗಿದ್ದು ಹೆಚ್ಚಾಗಿ ಸಮಾಧಾನದ ಮಾತಷ್ಟೆ. ರಕ್ತವನ್ನೂ ಕೆಟ್ಟ ನಾಳವನ್ನೂ ಶಸ್ತ್ರಚಿಕಿತ್ಸೆಯಲ್ಲಿ ಹೊರತೆಗೆದು ನೋಡಿದರು. ಅಮೆರಿಕದ ದೊಡ್ಡ ಪ್ರಯೋಗವೊಂದರ ಫಲಿತಾಂಶ 2004ರಲ್ಲಿ ಬಂದಾಗ, ಹಾಗೆ ತೆಗೆದವರ ದೃಷ್ಟಿಗೂ ಸುಮ್ಮನೆ ಬಿಟ್ಟವರ ದೃಷ್ಟಿಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಅಷ್ಟರಲ್ಲಿ ಇನ್ನೊಂದು ದಾರಿ ತೆರೆದಿತ್ತು. ರಕ್ತನಾಳ ಚಿಗುರಲು ಆಜ್ಞೆ ಕೊಡುವ ವಿಇಜಿಎಫ್ ಎಂಬ ಪ್ರೋಟೀನನ್ನು 1989ರಲ್ಲಿ ನೆಪೊಲಿಯೋನ್ ಫೆರಾರಾ ಗುರುತಿಸಿದ್ದರು. ಅದನ್ನು ತಡೆಯುವ ಬೆವಾಸಿಜುಮಾಬ್ ಕರುಳಿನ ಕ್ಯಾನ್ಸರಿಗೆ ಬಂದಿತ್ತು. 2005ರಲ್ಲಿ ಮಯಾಮಿಯ ಫಿಲಿಪ್ ರೋಸೆನ್‌ಫೆಲ್ಡ್ ಅದೇ ಮದ್ದನ್ನು ಒಂದು ಹನಿಯಷ್ಟು ಕಣ್ಣಿನೊಳಗೆ ಚುಚ್ಚಿದರು. ಕಣ್ಣಿಗೆಂದೇ ತಯಾರಾದ ರಾನಿಬಿಜುಮಾಬ್ 2006ರಲ್ಲಿ ಅಮೆರಿಕದಲ್ಲಿ ಮಂಜೂರಾಯಿತು. ಈ ಎರಡರಲ್ಲಿ ದುಬಾರಿಯಾದ ರಾನಿಬಿಜುಮಾಬ್ ಮೇಲೋ ಎಂದು ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ ಹೋಲಿಸಿದ ಕ್ಯಾಟ್ ಎಂಬ ಪ್ರಯೋಗ 2011ರಲ್ಲಿ ಕೊಟ್ಟ ಉತ್ತರ: ದೃಷ್ಟಿಯ ಮಟ್ಟಿಗೆ ಎರಡೂ ಸರಿಸಮ. ಕೂಲಿನಾಲಿ ಮಾಡಿ ಬದುಕುವ ಮನೆಗಳಿಗೆ ಇದಕ್ಕಿಂತ ದೊಡ್ಡ ಸುದ್ದಿ ನೇತ್ರವೈದ್ಯದಲ್ಲಿ ಆ ದಶಕದಲ್ಲಿ ಬಂದಿಲ್ಲ ಎಂಬುದು ನನ್ನ ಅಭಿಪ್ರಾಯ. 2015ರಲ್ಲಿ ರಾನಿಬಿಜುಮಾಬ್‌ನ ಭಾರತೀಯ ಅವತಾರ ರಾಜುಮಾಬ್ ಬಂತು, ಆ ಮದ್ದಿನ ಬೆಲೆಯೂ ಇಳಿಯಿತು.

ಕಣ್ಣಿಗೆ ಸೂಜಿ ಎಂದರೆ ಎದೆ ಝಲ್ಲೆನ್ನುವುದು ಸಹಜ. ಎಷ್ಟೋ ಜನ ಇದೇ ಹೆದರಿಕೆಗೆ ಆಸ್ಪತ್ರೆಯ ಮೆಟ್ಟಿಲಿನಿಂದ ಹಿಂದಿರುಗುತ್ತಾರೆ. ಆದ್ದರಿಂದ ಅದು ನಡೆಯುವ ಬಗೆಯನ್ನು ಹೇಳಿಬಿಡುತ್ತೇನೆ. ಮೊದಲು ಮರಗಟ್ಟುವ ಹನಿ ಹಾಕುತ್ತಾರೆ. ಕಂದು ಬಣ್ಣದ ಪೊವಿಡೋನ್ ಅಯೋಡಿನ್ ಹಾಕಿ ಕಣ್ಣನ್ನೂ ರೆಪ್ಪೆಯನ್ನೂ ಶುದ್ಧ ಮಾಡುತ್ತಾರೆ. ಇದು ತುಸು ಉರಿಯುತ್ತದೆ. ರೆಪ್ಪೆ ಮುಚ್ಚದಂತೆ ಸಣ್ಣ ಕ್ಲಿಪ್ಪು ಇಡುತ್ತಾರೆ. ಸೂಜಿ ಹೋಗುವುದು ಕರಿಗುಡ್ಡೆಗಲ್ಲ, ಅದರ ಅಂಚಿನಿಂದ ಮೂರೂವರೆ-ನಾಲ್ಕು ಮಿಲಿಮೀಟರ್ ಆಚೆಗಿನ ಬಿಳಿಯ ಭಾಗಕ್ಕೆ. ಕೂದಲೆಳೆಯಂಥ ಸೂಜಿ, 0.05 ಮಿಲಿಲೀಟರ್ ಮದ್ದು, ಕೆಲವೇ ಸೆಕೆಂಡು. ಅರ್ಧ ತಾಸಿನಲ್ಲಿ ಹೊರಬಂದು ಚಹಾ ಕುಡಿಯಬಹುದು. ಮುಖ್ಯವಾಗಿ ನೆನಪಿಡಬೇಕಾದ ಅಪಾಯ, ಒಳಗೆ ಸೋಂಕು. ಅದು ಸಾವಿರಾರು ಚುಚ್ಚುಮದ್ದಿಗೊಮ್ಮೆ ಆಗುವಂಥದ್ದು, ಆದರೆ ಬಂದರೆ ಭಯಂಕರ. ಚುಚ್ಚಿಸಿಕೊಂಡ ಮುಂದಿನ ದಿನಗಳಲ್ಲಿ ನೋವು, ಕೆಂಪು ಹೆಚ್ಚಿ ದೃಷ್ಟಿ ಇಳಿದರೆ ಅದೇ ದಿನ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಬೇಕು.

ರಕ್ತ ತೆಳುವಾಗಿ, ಸಣ್ಣ ಜಾಗದಲ್ಲಿದ್ದರೆ ಈ ಚುಚ್ಚುಮದ್ದೇ ಸಾಕಾಗಬಹುದು. ಸೋರುವ ನಾಳ ಬತ್ತುತ್ತದೆ, ರಕ್ತ ತಾನಾಗಿ ಕರಗುತ್ತದೆ. ದಪ್ಪವಾಗಿ ನಡುಭಾಗದ ಕೆಳಗೆ ನಿಂತಿದ್ದರೆ ಅದು ತಾನಾಗಿ ಕರಗುವವರೆಗೆ ಕೋಶಗಳು ಉಳಿಯುವುದಿಲ್ಲ, ಅದನ್ನು ಪಕ್ಕಕ್ಕೆ ಸರಿಸಬೇಕು. ಇದಕ್ಕೆ ಬಳಸುವುದು ಹೃದಯಾಘಾತ, ಪಾರ್ಶ್ವವಾಯುವಿನಲ್ಲಿ ಹೆಪ್ಪು ಕರಗಿಸಲು ಕೊಡುವ ಟಿಪಿಎ ಎಂಬ ಮದ್ದನ್ನೇ, ಆದರೆ ಮೈಕ್ರೋಗ್ರಾಂ ಲೆಕ್ಕದಲ್ಲಿ. ಜೊತೆಗೆ ಕಣ್ಣಿನೊಳಗೆ ಸ್ವಲ್ಪ ಅನಿಲ ಬಿಡುತ್ತಾರೆ. ಈ ಉಪಾಯವನ್ನು 1996ರ ಹೊತ್ತಿಗೆ ಮುಂದಿಟ್ಟವರು ಆಸ್ಟ್ರೇಲಿಯಾದ ವಿಲ್ಸನ್ ಹೆರಿಯಟ್. ಇದರ ತತ್ವ ಸರಳ. ಅನಿಲ ಯಾವಾಗಲೂ ಮೇಲಕ್ಕೇರುತ್ತದೆ. ರೋಗಿ ಮುಖ ಕೆಳಗೆ ಮಾಡಿದರೆ ಕಣ್ಣಿನ ಹಿಂಗೋಡೆಯೇ ಮೇಲಾಗುತ್ತದೆ. ಗುಳ್ಳೆ ಹೋಗಿ ಮ್ಯಾಕುಲಾವನ್ನು ಒತ್ತುತ್ತದೆ, ಅದರಡಿಯ ಕರಗಿದ ರಕ್ತ ಅಂಚಿನ ಕಡೆಗೆ ಸರಿಯುತ್ತದೆ. ಅಂಚಿಗೆ ಹೋದ ರಕ್ತ ಅಲ್ಲಿ ಅಷ್ಟು ಕೇಡು ಮಾಡದೆ ನಿಧಾನವಾಗಿ ಇಂಗುತ್ತದೆ.

ಇದನ್ನು ಎರಡು ಬಗೆಯಲ್ಲಿ ಮಾಡುತ್ತಾರೆ. ಮೊದಲನೆಯದು ಬರೀ ಸೂಜಿಯಿಂದ ಮದ್ದು ಮತ್ತು ಅನಿಲ ಎರಡನ್ನೂ ಕಣ್ಣಿನ ಒಳಕ್ಕೆ ಬಿಡುವುದು. ಎರಡನೆಯದು ವಿಟ್ರೆಕ್ಟಮಿ: ಆಪರೇಷನ್ ಕೋಣೆಯಲ್ಲಿ ಕಣ್ಣಿನೊಳಗಿನ ಲೋಳೆಯನ್ನು ತೆಗೆದು, ಅತಿ ಸೂಕ್ಷ್ಮವಾದ ಕೊಳವೆಯನ್ನು ರೆಟಿನಾದ ಮೂಲಕ ಇಳಿಸಿ ಮದ್ದನ್ನು ನೇರವಾಗಿ ಹೆಪ್ಪಿಗೇ ಮುಟ್ಟಿಸುವುದು. ಕೇಳಲಿಕ್ಕೆ ಎರಡನೆಯದೇ ಗಟ್ಟಿ ಎನಿಸುತ್ತದೆ. ಆದರೆ ಫ್ರಾನ್ಸಿನಲ್ಲಿ ತೊಂಬತ್ತು ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ ನಡೆಸಿದ ಸ್ಟಾರ್ ಪ್ರಯೋಗದ ಫಲಿತಾಂಶ 2023ರಲ್ಲಿ ಪ್ರಕಟವಾದಾಗ, ಮೂರು ತಿಂಗಳ ನಂತರದ ದೃಷ್ಟಿಯಲ್ಲಿ ಇವೆರಡರ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಚುಚ್ಚುಮದ್ದಿನ ಹೆಸರಾಂತ ಪ್ರಯೋಗಗಳಲ್ಲಿ ದೊಡ್ಡ ರಕ್ತಸ್ರಾವದ ಕಣ್ಣುಗಳನ್ನು ಸಾಮಾನ್ಯವಾಗಿ ಹೊರಗೇ ಇಟ್ಟಿದ್ದರು. ಹಾಗಾಗಿ ಯಾವ ಕಣ್ಣಿಗೆ ಯಾವ ದಾರಿ ಎಂಬುದನ್ನು ರಕ್ತದ ದಪ್ಪ, ಹರವು, ದಿನಗಳು, ರೋಗಿಯ ವಯಸ್ಸು, ಇನ್ನೊಂದು ಕಣ್ಣಿನ ಸ್ಥಿತಿ ನೋಡಿ ವೈದ್ಯರೇ ತೂಗಿ ನಿರ್ಧರಿಸುತ್ತಾರೆ. ಒಬ್ಬ ವೈದ್ಯರು ಸೂಜಿ ಸಾಕೆಂದರೆ, ಇನ್ನೊಬ್ಬರು ಆಪರೇಷನ್ ಬೇಕೆಂದರೆ ಇಬ್ಬರಲ್ಲೊಬ್ಬರು ಮೋಸ ಮಾಡುತ್ತಿದ್ದಾರೆ ಎಂದರ್ಥವಲ್ಲ. ಯಾವ ದಾರಿ ಹಿಡಿದರೂ ನಾಳವನ್ನು ಬತ್ತಿಸುವ ಚುಚ್ಚುಮದ್ದು ತಪ್ಪುವುದಿಲ್ಲ. ರಕ್ತ ಸರಿಸಿದ ಮಾತ್ರಕ್ಕೆ ಅದು ಬಂದ ಬಾಯಿ ಮುಚ್ಚಿದಂತಾಗುವುದಿಲ್ಲವಲ್ಲ.

ನಿಜವಾದ ಪರೀಕ್ಷೆ ಇರುವುದು ಮನೆಗೆ ಬಂದ ಮೇಲೆ. ಅನಿಲ ಹಾಕಿಸಿಕೊಂಡವರು ಕೆಲವು ದಿನ ಹಗಲಿನ ಬಹುಪಾಲು ಮುಖ ಕೆಳಗೆ ಮಾಡಿಯೇ ಇರಬೇಕಾಗುತ್ತದೆ. ಎಷ್ಟು ದಿನ, ಯಾವ ಕೋನ ಎಂಬುದನ್ನು ವೈದ್ಯರು ಹೇಳಿಕೊಡುತ್ತಾರೆ. ಎಪ್ಪತ್ತೈದರ ಕುತ್ತಿಗೆ, ಸೊಂಟಕ್ಕೆ ಇದು ಸಣ್ಣ ಶಿಕ್ಷೆಯಲ್ಲ. ಪಡಸಾಲೆಯಲ್ಲಿ ಒಂದು ಎತ್ತರದ ಸ್ಟೂಲು ಅಥವಾ ಟೇಬಲ್ ಇಟ್ಟು, ಅದರ ಮೇಲೆ ಎರಡು ದಿಂಬು ಒಟ್ಟಿ, ಹಣೆ ಊರಿ ಕೂರುವಂತೆ ಮಾಡಿದರೆ ಸಲೀಸು. ಮಲಗುವಾಗ ಎದೆಯ ಕೆಳಗೊಂದು ದಿಂಬು. ಊಟ, ಬಹಿರ್ದೆಸೆಗೆ ಏಳಬಹುದು, ಆದರೆ ಅಂಗಾತ ಮಲಗುವಂತಿಲ್ಲ. ಮೊಮ್ಮಕ್ಕಳು ಎದುರಿಗೆ ನೆಲದ ಮೇಲೆ ಕೂತು ಪತ್ರಿಕೆ ಓದಿ ಹೇಳಿದರೆ, ರೇಡಿಯೊ ಹಚ್ಚಿಟ್ಟರೆ ಹೊತ್ತು ಹೋಗುತ್ತದೆ. ಮನೆಯವರು ಜೊತೆ ಕೊಡದಿದ್ದರೆ ಎಷ್ಟು ಒಳ್ಳೆಯ ಚಿಕಿತ್ಸೆಯೂ ಇಲ್ಲಿ ಸೋಲುತ್ತದೆ. ಅನಿಲ ಪೂರ್ತಿ ಇಂಗಲು ಅದರ ಬಗೆಯ ಮೇಲೆ ಎರಡು ವಾರದಿಂದ ಎರಡು ತಿಂಗಳವರೆಗೆ ಬೇಕು. ಅಲ್ಲಿಯವರೆಗೆ ವಿಮಾನ ಏರುವಂತಿಲ್ಲ, ವೈದ್ಯರನ್ನು ಕೇಳದೆ ಘಟ್ಟ ಹತ್ತುವಂತಿಲ್ಲ. ಎತ್ತರಕ್ಕೆ ಹೋದರೆ ಅನಿಲ ಹಿಗ್ಗಿ ಕಣ್ಣಿನ ಒತ್ತಡ ಏರುತ್ತದೆ. ಹುಬ್ಬಳ್ಳಿಯಿಂದ ಹಾವೇರಿಗೆ ಬಯಲ ದಾರಿ, ಆ ಚಿಂತೆ ಇಲ್ಲ. ಈ ನಡುವೆ ಬೇರೆ ಯಾವುದಕ್ಕಾದರೂ ಅರಿವಳಿಕೆ ಬೇಕಾದರೆ ಕಣ್ಣಿನಲ್ಲಿ ಅನಿಲವಿದೆ ಎಂದು ಮೊದಲೇ ಹೇಳಬೇಕು. ನೈಟ್ರಸ್ ಆಕ್ಸೈಡ್ ಕೊಟ್ಟರೂ ಅದೇ ಅಪಾಯ.

ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು, ಪಾರ್ಶ್ವವಾಯು ಆದವರು ರಕ್ತ ತೆಳುವಾಗಿಸುವ ಗುಳಿಗೆ ನುಂಗುತ್ತಿರುತ್ತಾರೆ. ಒದ್ದೆ ಎಎಂಡಿ ಇರುವ ಕಣ್ಣಿನಲ್ಲಿ ಇವು ರಕ್ತಸ್ರಾವವನ್ನು ದೊಡ್ಡದಾಗಿಸಬಲ್ಲವು. ಹಾಗೆಂದು ಹೆದರಿ ಗುಳಿಗೆಯನ್ನು ತಾವಾಗಿ ನಿಲ್ಲಿಸಬೇಡಿ. ಕಣ್ಣು ಉಳಿಸಿಕೊಳ್ಳಲು ಹೋಗಿ ಜೀವಕ್ಕೆ ಕುತ್ತು ತಂದುಕೊಂಡಂತಾದೀತು. ಗುಳಿಗೆಯ ಚೀಟಿಯನ್ನು ಕಣ್ಣಿನ ವೈದ್ಯರ ಮುಂದಿಡಿ, ಅವರು ಹೃದಯದ ವೈದ್ಯರೊಡನೆ ಮಾತಾಡಲಿ. ಬೀಡಿ, ಸಿಗರೇಟು ಮಾತ್ರ ಯಾರನ್ನೂ ಕೇಳದೆ ಇಂದೇ ಬಿಡಬಹುದು. ಈ ರೋಗಕ್ಕೆ ನಾವೇ ಕೈಯಾರೆ ತಂದುಕೊಳ್ಳುವ ಕಾರಣಗಳಲ್ಲಿ ಧೂಮಪಾನವೇ ದೊಡ್ಡದು.

ತಡವಾಗಿ ಬಂದವರ ಗತಿ? ರಕ್ತ ಗಾಯದ ಕಲೆಯಾಗಿ ಗಟ್ಟಿಯಾದ ಮೇಲೆ ಆ ಜಾಗದ ದೃಷ್ಟಿ ಹಿಂದಿರುಗುವುದಿಲ್ಲ. ಆದರೂ ಅವರು ಪೂರ್ಣ ಅಂಧರಾಗುವುದಿಲ್ಲ, ಅಂಚಿನ ದೃಷ್ಟಿ ಉಳಿದಿರುತ್ತದೆ. ಓಣಿಯಲ್ಲಿ ಓಡಾಡುತ್ತಾರೆ, ಹೊಲಕ್ಕೆ ಹೋಗುತ್ತಾರೆ. ಇದರಿಂದಲೇ ಊರವರಿಗೆ ಅವರ ಕಷ್ಟ ತಿಳಿಯುವುದಿಲ್ಲ. ಎದುರಿಗೆ ಬಂದರೂ ಮಾತಾಡಿಸಲಿಲ್ಲ ಎಂದು ಬೀಗರು ಮುನಿಸಿಕೊಳ್ಳುತ್ತಾರೆ. ಮುಖವೇ ಕಾಣದವರು ಮಾತಾಡಿಸುವುದು ಹೇಗೆ? ಇಂಥವರನ್ನು ಕಂಡಾಗ ನಾವೇ ಮೊದಲು ಹೆಸರು ಹೇಳಿ ಮಾತಾಡಿಸಬೇಕು. ಇನ್ನು ಕೆಲವರಿಗೆ ಇಲ್ಲದ ಮಕ್ಕಳು, ಹೂಬಳ್ಳಿ, ಪೇಟಾ ಸುತ್ತಿದ ಮಂದಿ ಕಣ್ಣೆದುರು ಸುಳಿದಂತಾಗುತ್ತದೆ. 1760ರಷ್ಟು ಹಿಂದೆಯೇ ಸ್ವಿಟ್ಜರ್ಲೆಂಡಿನ ಷಾರ್ಲ್ ಬೊನೆ ತನ್ನ ಅಜ್ಜನಲ್ಲಿ ಕಂಡು ಬರೆದಿಟ್ಟ ಸ್ಥಿತಿ ಇದು. ಕಣ್ಣಿನಿಂದ ಸುದ್ದಿ ಬಾರದಾದಾಗ ಮಿದುಳು ತಾನೇ ಚಿತ್ರ ಹೆಣೆಯುತ್ತದೆ. ಗಾಳಿ ಸೋಕಿದೆ, ಬುದ್ಧಿ ಕೆಟ್ಟಿದೆ ಎಂದು ಹಿರಿಯರನ್ನು ಅಲ್ಲಿ ಇಲ್ಲಿ ಎಳೆದಾಡಬೇಡಿ. ಅವರ ಬುದ್ಧಿ ನೆಟ್ಟಗೇ ಇರುತ್ತದೆ. ಓದಲು ಭೂತಗನ್ನಡಿ, ದಪ್ಪಕ್ಷರದ ಮೊಬೈಲು, ಒಳ್ಳೆಯ ದೀಪ ಉಳಿದ ದೃಷ್ಟಿಯಿಂದ ಎಷ್ಟೋ ಕೆಲಸ ಮಾಡಿಸುತ್ತವೆ.

ಒಂದು ಕಣ್ಣಿಗೆ ಒದ್ದೆ ಬಗೆ ಬಂದರೆ ಇನ್ನೊಂದು ಕಣ್ಣಿಗೂ ಅಪಾಯ ಹೆಚ್ಚು. ಆ ಕಣ್ಣನ್ನು ಕಾಯಲು ದುಡ್ಡಿನ ಯಂತ್ರ ಬೇಡ. ಸ್ವಿಟ್ಜರ್ಲೆಂಡಿನ ಮಾರ್ಕ್ ಆಮ್ಸ್‌ಲರ್ ರೂಪಿಸಿದ ಗೆರೆಗಳ ಚೌಕವನ್ನು ಆಸ್ಪತ್ರೆಗಳಲ್ಲಿ ಕೊಡುತ್ತಾರೆ. ಅದು ಸಿಗದಿದ್ದರೆ ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನ ಮನೆಗಳೇ ಸಾಕು. ಓದುವ ಕನ್ನಡಕವಿದ್ದರೆ ಹಾಕಿಕೊಂಡು, ಒಂದು ಕಣ್ಣು ಮುಚ್ಚಿ, ಇನ್ನೊಂದರಿಂದ ನಡುವಿನ ತಾರೀಖೊಂದನ್ನೇ ದಿಟ್ಟಿಸಿ. ಸುತ್ತಲ ಗೆರೆ ಬಳುಕಿದಂತೆ, ಮುರಿದಂತೆ ಕಂಡರೆ, ಒಂದೆರಡು ಮನೆ ಮಾಯವಾದರೆ, ಅದು ಎಚ್ಚರಿಕೆಯ ಗಂಟೆ. ಎರಡೂ ಕಣ್ಣು ತೆರೆದು ನೋಡಿದರೆ ಒಳ್ಳೆಯ ಕಣ್ಣು ಕೆಟ್ಟ ಕಣ್ಣಿನ ದೋಷವನ್ನು ಮುಚ್ಚಿಬಿಡುತ್ತದೆ. ಆದ್ದರಿಂದ ಒಂದೊಂದನ್ನೇ ಪರೀಕ್ಷಿಸಬೇಕು. ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ಕಡುಗೆಂಪು ಒಂದು ಕಣ್ಣಿಗೆ ಮಾಸಿದಂತೆ ಕಂಡರೆ, ಕರೆಂಟಿನ ಕಂಬ ಡೊಂಕಾಗಿ ಕಂಡರೆ, ಬಿತ್ತಿದ ಸಾಲು ನಡುವೆ ಸೊಟ್ಟಗಾದಂತೆ ಕಂಡರೆ ಅವೂ ಇದೇ ಸೂಚನೆಗಳು. ನಾಳ ಒಡೆಯುವ ಮೊದಲೇ, ನೀರು ಸೋರುವ ಹಂತದಲ್ಲೇ ಸಿಕ್ಕಿಬಿದ್ದ ರೋಗಕ್ಕೆ ಚುಚ್ಚುಮದ್ದು ಅತ್ಯುತ್ತಮವಾಗಿ ಕೆಲಸ ಮಾಡುತ್ತದೆ.

ಎಲ್ಲಿಗೆ ಹೋಗಬೇಕು? ಹತ್ತಿರದ ಕಣ್ಣಿನ ವೈದ್ಯರು ಪಾಪೆ ಹಿಗ್ಗಿಸಿ ಒಳಗೆ ನೋಡಿದರೆ ರಕ್ತವಿರುವುದು ತಿಳಿಯುತ್ತದೆ. ಹಾವೇರಿಯ ಜಿಲ್ಲಾ ಆಸ್ಪತ್ರೆಯಿಂದ ಶುರುಮಾಡಬಹುದು. ರೆಟಿನಾ ಚಿಕಿತ್ಸೆಗೆ ಹುಬ್ಬಳ್ಳಿಯ ಎಂ.ಎಂ. ಜೋಶಿ ನೇತ್ರ ಸಂಸ್ಥೆ, ಬೆಂಗಳೂರಿನಲ್ಲಿ ಸರ್ಕಾರದ ಮಿಂಟೊ ಕಣ್ಣಾಸ್ಪತ್ರೆಯಂಥ ಕಡೆ ಪ್ರತ್ಯೇಕ ತಜ್ಞರಿದ್ದಾರೆ. ಕರ್ಜಗಿ ನಿಲ್ದಾಣವಿರುವುದು ಹುಬ್ಬಳ್ಳಿ–ಬೆಂಗಳೂರು ರೈಲು ಮಾರ್ಗದಲ್ಲೇ. ಚೀಟಿ ಮಾಡಿಸುವಾಗಲೇ "ರೆಟಿನಾ ಡಾಕ್ಟರ್ ಬೇಕು, ಇಂಥ ದಿನದಿಂದ ನಡುವೆ ಕಾಣುತ್ತಿಲ್ಲ" ಎಂದು ದಿನವನ್ನೂ ಸೇರಿಸಿ ಹೇಳಿ. ಆ ಒಂದು ಮಾತಿನಿಂದ ಸರದಿಯೇ ಬದಲಾಗಬಹುದು. ಬಿಪಿಎಲ್ ಕಾರ್ಡು, ಆಧಾರ್, ನುಂಗುವ ಗುಳಿಗೆಗಳ ಚೀಟಿ ಜೊತೆಗಿರಲಿ. ಸರ್ಕಾರಿ ಯೋಜನೆಯಲ್ಲಿ ಯಾವ ಚಿಕಿತ್ಸೆ ಸಿಗುತ್ತದೆ, ಕಡಿಮೆ ಬೆಲೆಯ ಚುಚ್ಚುಮದ್ದು ನಡೆಯುತ್ತದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಮೊದಲು ತಿಂಗಳಿಗೊಂದರಂತೆ ಸಾಮಾನ್ಯವಾಗಿ ಮೂರು ಚುಚ್ಚುಮದ್ದು, ಆಮೇಲೆ ಅಂತರ ಹೆಚ್ಚಿಸುತ್ತ ಹೋಗುತ್ತಾರೆ. ಒಂದರಲ್ಲೇ ಕಣ್ಣು ತಿಳಿಯಾಯಿತೆಂದು ನಿಲ್ಲಿಸಿದವರಲ್ಲಿ ನಾಳ ಮತ್ತೆ ಚಿಗುರುತ್ತದೆ.

ನಿಮ್ಮ ಮನೆಯಲ್ಲಿ ಐವತ್ತು ದಾಟಿದವರಿದ್ದರೆ ಇಂದೇ ಕ್ಯಾಲೆಂಡರಿನ ಮುಂದೆ ನಿಲ್ಲಿಸಿ, ಒಂದೊಂದು ಕಣ್ಣು ಮುಚ್ಚಿಸಿ ಕೇಳಿ ನೋಡಿ. ನಡುಭಾಗ ಏಕಾಏಕಿ ಕಪ್ಪಾಗಿದೆ ಎಂದರೆ ಮರುದಿನ ಬೆಳಗಿನ ಗಾಡಿಗೇ ಅವರನ್ನು ಕರೆದುಕೊಂಡು ಹೊರಡಿ.